ಏನೂ ತೊಂದರೆ ಇಲ್ಲ ಎಂದು ಬರೆದ ಬೇಸಿಗೆ

ಮೊನ್ನೆ ಜೂನ್ ಮೊದಲ ವಾರ ನಾದಿನಿಯ ಮಗಳ ಸೀಮಂತಕ್ಕೆಂದು ಶ್ರೀನಿವಾಸಪುರಕ್ಕೆ ಹೋಗಬೇಕಾಯಿತು. ಬಸ್ಸು ಮಾವಿನ ಮಂಡಿಗಳಿರುವ ರಸ್ತೆಗೆ ತಿರುಗುತ್ತಿದ್ದ ಹಾಗೇ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಹಣ್ಣಾಗುತ್ತಿರುವ ಮಾವು, ಒಣಹುಲ್ಲು, ಕಾಯಿ ತೊಟ್ಟಿನ ಸೊನೆ, ರಸ್ತೆ ಪಕ್ಕಕ್ಕೆ ಸುರಿದ ಕೊಳೆತ ಹಣ್ಣು. ಪಕ್ಕದಲ್ಲಿದ್ದ ನನ್ನ ಗಂಡ "ಆಹಾ" ಅಂದರು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅವರಿಗೆ ಕಾರಣ ಗೊತ್ತು.

ನಾಲ್ಕು ವರ್ಷದ ಹಿಂದೆ ಒಂದು ಇಡೀ ಬೇಸಿಗೆಯನ್ನು ನಾನು ಆ ವಾಸನೆಯಲ್ಲೇ ಕಳೆದೆ. ಅದಕ್ಕೂ ಮುಂಚೆ ಕೋಲಾರದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿತು, ಮತ್ತೆ ತೆರೆಯಲೇ ಇಲ್ಲ. ಎರಡು ವರ್ಷ ಮನೆಯಲ್ಲಿ ಕೂತಿದ್ದವಳಿಗೆ ಯಾರೋ ಹೇಳಿದರು: ಬೆಂಗಳೂರಿನ ಸಂಸ್ಥೆಯೊಂದು ಸರ್ವೇ ಮಾಡಿಸುತ್ತಿದೆ, ಹೆಂಗಸರಾದರೆ ಒಳ್ಳೆಯದಂತೆ. ಅರವತ್ತು ದಾಟಿದವರಲ್ಲಿ ಎಷ್ಟು ಜನಕ್ಕೆ ಕಣ್ಣು, ಕಿವಿ, ಕಾಲು, ನೆನಪು ಸರಿಯಿಲ್ಲ, ಯಾವ ತಾಲೂಕಿನಲ್ಲಿ ಹೆಚ್ಚು, ಯಾವುದರಲ್ಲಿ ಕಡಿಮೆ ಎಂದು ತಿಳಿಯಬೇಕಿತ್ತು ಅವರಿಗೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕು ತಾಲೂಕಿಗೆ ನಾಲ್ಕು ಜನ. ನಾನು ಹುಟ್ಟಿ ಬೆಳೆದದ್ದು ಮಾಲೂರು ತಾಲೂಕಿನ ಮಾಸ್ತಿಯಲ್ಲಿ. ಮಾಲೂರು ಕೊಡಿ ಅಂತ ಕೇಳಿದೆ. ಅದು ಅಲ್ಲಿಂದಲೇ ಬಂದಿದ್ದ ಹುಡುಗಿಯೊಬ್ಬಳಿಗೆ ಹೋಗಿತ್ತು. ಮುಳಬಾಗಿಲು ಅನ್ವರ್ ಎಂಬ ಹುಡುಗನಿಗೆ, ಅವನೂ ಅಲ್ಲಿಯವನೇ. ನನಗೆ ಶ್ರೀನಿವಾಸಪುರ.

ಕೆಲಸ ಹೇಳಿಕೊಟ್ಟವರು ಒಬ್ಬ ಡಾಕ್ಟರ್ ಮೇಡಂ. ಸಣ್ಣ ದನಿ, ಕಾಟನ್ ಸೀರೆ, ಹೇಳಿದ್ದನ್ನೇ ಮೂರು ಸಲ ಹೇಳುವ ಅಭ್ಯಾಸ. "ಅಂಗವಿಕಲರಾ ಅಂತ ಕೇಳಬೇಡಿ. ಯಾರೂ ಹೌದು ಅನ್ನಲ್ಲ. ವಯಸ್ಸಾಯ್ತು, ಇದೆಲ್ಲ ಇದ್ದದ್ದೇ ಅಂತಾರೆ. ಆಚೆ ಮನೆ ಬಾಗಿಲಲ್ಲಿ ನಿಂತಿರೋರು ಯಾರು ಅಂತ ಗೊತ್ತಾಗುತ್ತಾ ಅಂತ ಕೇಳಿ. ಮೆಟ್ಟಿಲು ಹತ್ತಕ್ಕಾಗುತ್ತಾ ಅಂತ ಕೇಳಿ. ಅವರನ್ನೇ ಕೇಳಿ. ಮಗನನ್ನಲ್ಲ, ಸೊಸೆಯನ್ನಲ್ಲ. ಅವರನ್ನೇ."

ಪ್ರತಿ ಪ್ರಶ್ನೆಗೂ ಫೋನಿನ ಆ್ಯಪ್‌ನಲ್ಲಿ ನಾಲ್ಕು ಉತ್ತರ: ಏನೂ ತೊಂದರೆ ಇಲ್ಲ, ಸ್ವಲ್ಪ ತೊಂದರೆ, ಬಹಳ ತೊಂದರೆ, ಆಗುವುದೇ ಇಲ್ಲ. ಮನೆಯೊಂದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ ಎಂದರು. ಕೊನೆಯಲ್ಲಿ ಇನ್ನೊಂದು ಮಾತು ಹೇಳಿದರು. ಸರ್ವೇ ಮುಗಿದ ಮೇಲೆ ನಾಲ್ವರಲ್ಲಿ ಒಬ್ಬರನ್ನು ಸೂಪರ್‌ವೈಸರ್ ಆಗಿ ಉಳಿಸಿಕೊಳ್ಳುತ್ತಾರಂತೆ. ನನಗೆ ಆಮೇಲಿನದ್ದು ಯಾವುದೂ ಕಿವಿಗೆ ಬೀಳಲಿಲ್ಲ.

ಮೊದಲ ಹತ್ತು ದಿನ ನಾನು ಕೆಲಸ ಮಾಡಿದೆ. ಇದನ್ನು ಹೇಳಿಕೊಳ್ಳಬೇಕು ಅನಿಸುತ್ತದೆ, ಹೇಳಿದ ತಕ್ಷಣ ನಾಚಿಕೆಯೂ ಆಗುತ್ತದೆ. ಊರೂರಿಗೆ ಬಸ್ಸಿನಲ್ಲಿ, ಬಸ್ಸಿಲ್ಲದ ಕಡೆ ಮಾವಿನ ಟೆಂಪೋದಲ್ಲಿ ಹೋದೆ. ದುಡಿಯುವವರೆಲ್ಲ ತೋಪಿನಲ್ಲಿ ಕಾಯಿ ಇಳಿಸುತ್ತಿದ್ದರು. ಮನೆಗಳಲ್ಲಿ ವಯಸ್ಸಾದವರು ಮಾತ್ರ. ಅವರಿಗೆ ಮಾತಾಡಲು ಜನ ಬೇಕಿತ್ತು. ಮಂಡಿ ನೋವು ಕೇಳಿದರೆ ಅದು ಶುರುವಾದ ವರ್ಷದ ಮಳೆಯಿಂದ ಹೇಳುತ್ತಿದ್ದರು. ಅದೂ ಮುಕ್ಕಾಲು ಪಾಲು ತೆಲುಗಿನಲ್ಲಿ. ಮಾಸ್ತಿ ಕಡೆಯವಳಾದ ನನಗೆ ತೆಲುಗು ಅರ್ಧ ತಿಳಿಯುತ್ತದೆ, ಅರ್ಧ ಊಹೆ. ದಿನಕ್ಕೆ ಆರು ಮನೆ ಆದರೆ ಹೆಚ್ಚು. ನೆತ್ತಿ ಸುಡುವ ಬಿಸಿಲು, ಬಾಯಲ್ಲಿ ಧೂಳು.

ಹನ್ನೊಂದನೆಯ ದಿನವೋ ಏನೋ, ಒಂದು ಮನೆಯ ಅಂಗಳದಲ್ಲಿ ಸೊಸೆ ಕಾಯಿ ಆರಿಸುತ್ತ ಕೂತಿದ್ದಳು. "ನಮ್ಮತ್ತೆಗೇನು ಮೇಡಂ, ಗಟ್ಟಿ ಅವ್ರೆ. ಒಳಗೆ ಮಲಗವ್ರೆ, ಎಬ್ಬಿಸ್ಬೇಕಾ?" ಎಂದಳು. ಬೇಡಮ್ಮ ಎಂದೆ. ಅವಳು ಕಾಯಿ ಆರಿಸುತ್ತಲೇ ಉತ್ತರ ಹೇಳಿದಳು, ನಾನು ನಿಂತುಕೊಂಡೇ ಒತ್ತಿದೆ. ಏನೂ ತೊಂದರೆ ಇಲ್ಲ, ಏನೂ ತೊಂದರೆ ಇಲ್ಲ, ಏನೂ ತೊಂದರೆ ಇಲ್ಲ. ಹತ್ತು ನಿಮಿಷವೂ ಆಗಲಿಲ್ಲ. ಆವತ್ತು ಹದಿನಾಲ್ಕು ಮನೆ ಮುಗಿಸಿದೆ. ಸಂಜೆ ಆಫೀಸಿನಿಂದ ಶಹಭಾಷ್ ಎಂದು ಮೆಸೇಜು ಬಂತು.

ಆಮೇಲೆ ಮನೆಗಳಿಗೆ ಹೋಗುವುದನ್ನೂ ಬಿಟ್ಟೆ. ಬೆಳಿಗ್ಗೆ ಆರೂವರೆಗೆ ಊರಿನ ಹಾಲಿನ ಡೈರಿ ಮುಂದೆ ನಿಂತರೆ ಸಾಕಿತ್ತು. ಮನೆಗೊಬ್ಬರು ಕ್ಯಾನ್ ಹಿಡಿದು ಬರುತ್ತಿದ್ದರು. ನಿಮ್ಮ ಮನೇಲಿ ವಯಸ್ಸಾದೋರು ಇದ್ದಾರಾ, ಹೆಸರೇನು, ಹೇಗಿದ್ದಾರೆ ಅಂತ ಕೇಳುತ್ತಿದ್ದೆ. ಹಾಲಿನ ಕ್ಯೂನಲ್ಲಿ ನಿಂತವರು ತಮ್ಮ ತಾಯಿಯ ಬಗ್ಗೆ, ಅತ್ತೆಯ ಬಗ್ಗೆ ಏನು ಹೇಳುತ್ತಾರೆ? "ಚೆನ್ನಾಗಿದ್ದಾರೆ." ಕ್ಯಾನು ಖಾಲಿಯಾಗುವ ಹೊತ್ತಿಗೆ ನನ್ನ ಫಾರಂ ತುಂಬುತ್ತಿತ್ತು.

ಹಾಗೆ ಮುಗಿಸಿದ ಊರೊಂದರಲ್ಲಿ, ಊರಿನ ಹೆಸರು ಬರೆಯುವುದಿಲ್ಲ, ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಬಾಯಾರಿಕೆಯಾಗಿ ಬೇವಿನ ಮರದ ಎದುರಿನ ಮನೆಗೆ ನೀರು ಕೇಳಲು ಹೋದೆ. ಜಗುಲಿಯ ಕಂಬಕ್ಕೆ ಒಂದು ನೈಲಾನ್ ಹಗ್ಗ ಕಟ್ಟಿತ್ತು. ಅದರ ಇನ್ನೊಂದು ತುದಿ ಅಂಗಳ ದಾಟಿ ಬಚ್ಚಲುಮನೆಯ ಬಾಗಿಲಿಗೆ. ಬಟ್ಟೆ ಒಣಗಿಸಲು ಎಂದುಕೊಂಡೆ. ಆದರೆ ಅದು ಸೊಂಟದಷ್ಟೇ ಎತ್ತರದಲ್ಲಿತ್ತು. ಆ ಹಗ್ಗ ಹಿಡಿದುಕೊಂಡು ಒಬ್ಬ ಮುದುಕಿ ಬಚ್ಚಲ ಕಡೆಯಿಂದ ನಿಧಾನ ಬರುತ್ತಿದ್ದಳು. ಒಂದು ಹೆಜ್ಜೆ, ನಿಲ್ಲುವುದು, ಹಗ್ಗ ಸವರುವುದು, ಇನ್ನೊಂದು ಹೆಜ್ಜೆ.

"ಎವರಮ್ಮಾ?" ಎಂದು ತೆಲುಗಿನಲ್ಲಿ ಕೇಳಿದಳು, ಯಾರಮ್ಮಾ ಅಂತ.

"ಸರ್ವೇ ಮಾಡೋರು ಅಜ್ಜಿ. ಸ್ವಲ್ಪ ನೀರು ಬೇಕಿತ್ತು."

"ವಯಸ್ಸಾದೋರನ್ನ ಬರ್ಕೊಳಕ್ಕೆ ಬಂದವ್ಳೆ ಅಂತ ನಮ್ ಸುಜಾತ ಹೇಳಿದ್ಲು. ನೀನೇನಾ? ಬಾ ತಲ್ಲಿ, ಬಾರಮ್ಮ, ಕೂತ್ಕೋ." ಸುಜಾತ ಅವಳ ಸೊಸೆ. ಬೆಳಿಗ್ಗೆ ಡೈರಿ ಹತ್ತಿರ ಈ ಮನೆಯ ಉತ್ತರಗಳನ್ನು ಹೇಳಿ ಹೋಗಿದ್ದವಳು. ಮುನಿವೆಂಕಟಮ್ಮ, ಎಪ್ಪತ್ತೆರಡು. ಎಲ್ಲದಕ್ಕೂ ಏನೂ ತೊಂದರೆ ಇಲ್ಲ. ಆಗಲೇ ಕಳಿಸಿಯೂ ಆಗಿತ್ತು.

ಮುನಿವೆಂಕಟಮ್ಮ ನನ್ನ ಪಕ್ಕ ಕೂತು ನನ್ನ ಮಣಿಕಟ್ಟು ಹಿಡಿದಳು. ಅವಳ ಕಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ ಇತ್ತು. "ಬರ್ಕೋ. ಬೆಳಕು ಅಂತ ಗೊತ್ತಾಗುತ್ತೆ, ಮನುಷ್ಯರು ಗೊತ್ತಾಗಲ್ಲ. ಎರಡು ಯುಗಾದಿ ಆಯ್ತು ನಾನು ಈ ಅಂಗಳ ದಾಟಿ. ಬಚ್ಚಲಿಗೆ ಹೋಗಕ್ಕೆ ಮಗ ಹಗ್ಗ ಕಟ್ಟವ್ನೆ. ಮಂಡಿ ಮಡಿಸಕ್ಕಾಗಲ್ಲ. ಬರ್ಕೊಂಡ್ಯಾ?"

ಕಳಿಸಿದ ಫಾರಂ ತಿದ್ದಬೇಕಾದರೆ ಆಫೀಸಿಗೆ ಫೋನ್ ಮಾಡಬೇಕು. ಯಾಕೆ ತಪ್ಪಾಯಿತು ಎಂದು ಕೇಳುತ್ತಾರೆ. ಒಂದನ್ನು ಕೆದಕಿದರೆ ಉಳಿದವೂ ಹೊರಗೆ ಬರುತ್ತವೆ. ಅಷ್ಟೂ ಲೆಕ್ಕಾಚಾರ ಒಂದು ಕ್ಷಣದಲ್ಲಿ ನನ್ನ ತಲೆಯಲ್ಲಿ ಮುಗಿಯಿತು. ಬ್ಯಾಗಿನಿಂದ ನೋಟ್‌ಬುಕ್ ತೆಗೆದೆ. ಪೆನ್ನು ತೆಗೆದೆ. ಮುಚ್ಚಳ ತೆಗೆಯಲಿಲ್ಲ. ಮುಚ್ಚಳ ಹಾಕಿದ ಪೆನ್ನನ್ನೇ ಕಾಗದದ ಮೇಲೆ ಸರಸರ ಎಳೆದೆ, ಅವಳಿಗೆ ಸದ್ದು ಕೇಳಲಿ ಅಂತ.

"ಬರ್ಕೊಂಡೆ ಅಜ್ಜಿ."

"ಏನು ಬರೆದೆ, ಓದು."

ಖಾಲಿ ಹಾಳೆ ನೋಡಿಕೊಂಡು ಓದಿದೆ. "ಮುನಿವೆಂಕಟಮ್ಮ. ಎರಡೂ ಕಣ್ಣಿಗೆ ಪೊರೆ. ಮನುಷ್ಯರ ಗುರುತು ಸಿಕ್ಕುವುದಿಲ್ಲ. ಮಂಡಿ ಮಡಿಸಲು ಆಗುವುದಿಲ್ಲ. ಹಗ್ಗ ಹಿಡಿದು ಓಡಾಡುತ್ತಾರೆ."

"ಸರಿಯಾಗಿ ಬರೆದಿದ್ದೀಯ," ಎಂದಳು. "ಮುಂದೇನು ಮಾಡ್ತಾರೆ?"

"ಹೆಸರು ಬಂದೋರನ್ನ ಕರೀತಾರೆ ಅಜ್ಜಿ. ಕಣ್ಣಿಗೆ ಆಪರೇಷನ್ ಮಾಡಿಸ್ತಾರೆ."

ಆ ಮಾತು ಯಾಕೆ ಆಡಿದೆನೋ. ನೀರು ಕುಡಿದು ಎದ್ದು ಬಂದುಬಿಡಬಹುದಿತ್ತು.

ಜೂನ್ ಕೊನೆಯಲ್ಲಿ ಕೋಲಾರದ ಆಫೀಸಿನಲ್ಲಿ ಮೀಟಿಂಗು. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ನಾಲ್ಕು ತಾಲೂಕಿನ ನಕ್ಷೆ ಮೂಡಿತು. ತೊಂದರೆ ಇರುವವರು ಹೆಚ್ಚಿದ್ದಷ್ಟೂ ಬಣ್ಣ ಗಾಢ. ಅನ್ವರನ ಮುಳಬಾಗಿಲು ಕಡುಕೆಂಪು. ಇಟ್ಟಿಗೆ ಗೂಡುಗಳಲ್ಲಿ ಬೆನ್ನು ಬಗ್ಗಿಸಿದವರ ಮಾಲೂರೂ ಹಾಗೆಯೇ. ಕೋಲಾರ ಅದಕ್ಕಿಂತ ಒಂದಿಷ್ಟು ತಿಳಿ. ನನ್ನ ಶ್ರೀನಿವಾಸಪುರ ಹೆಚ್ಚುಕಡಿಮೆ ಬೆಳ್ಳಗೆ.

ಡಾಕ್ಟರ್ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಆಫೀಸಿನವರು ಯಾರೋ, "ಮಾವಿನಹಣ್ಣು ತಿಂದು ಗಟ್ಟಿಯಾಗಿದ್ದಾರೆ ಮೇಡಂ," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ಕೆನ್ನೆ ಬಿಸಿಯಾಗುತ್ತದೆ.

ಟೀ ಕುಡಿಯುವಾಗ ಅನ್ವರ್ ಪಕ್ಕಕ್ಕೆ ಬಂದ. ನಮ್ಮೆಲ್ಲರಿಗಿಂತ ನಿಧಾನವಾಗಿ ಕೆಲಸ ಮಾಡಿದವನು, ಅದಕ್ಕಾಗಿ ಬೈಸಿಕೊಂಡವನು. "ಅಕ್ಕ, ಮುಳಬಾಗಿಲು ಗಡಿ ದಾಟಿದ್ರೆ ನಿಮ್ಮ ತಾಲೂಕು. ಆಚೆ ಊರಲ್ಲಿ ಕಣ್ಣು ಕಾಣ್ದೋರು, ಈಚೆ ಊರಲ್ಲಿ ಎಲ್ಲಾ ಕಾಣ್ಸುತ್ತಾ?" ಎಂದ. ವ್ಯಂಗ್ಯವಿರಲಿಲ್ಲ, ನಿಜವಾಗಿ ಕೇಳುತ್ತಿದ್ದ. ನಾನು "ನಂಗೇನ್ ಗೊತ್ತಪ್ಪ, ಅವ್ರು ಹೇಳಿದ್ದು ಬರೆದೆ," ಎಂದೆ. ಮೇಡಂ ಕೂಡ ಆಮೇಲೆ ನನ್ನೊಬ್ಬಳನ್ನೇ ಕರೆದು, "ಲಲಿತಾ, ಅವರನ್ನೇ ಕೇಳಿದ್ರಿ ತಾನೆ?" ಎಂದರು. "ಹೌದು ಮೇಡಂ." ಅವರು ಅದನ್ನು ನಂಬಿದರು. ಎಲ್ಲರಿಗಿಂತ ಬೇಗ ಮುಗಿಸಿದ್ದೇನೆಂದು ಸೂಪರ್‌ವೈಸರ್ ಕೆಲಸ ನನಗೇ ಬಂತು. ಕಣ್ಣಿನ ತಪಾಸಣೆ, ಕಿವಿಯ ಮಿಷನ್ನು, ಊರುಗೋಲು ಕೊಡುವ ಶಿಬಿರ ಮೊದಲು ಮುಳಬಾಗಿಲಿಗೆ, ಆಮೇಲೆ ಮಾಲೂರಿಗೆ ಎಂದು ತೀರ್ಮಾನವಾಯಿತು. ಶ್ರೀನಿವಾಸಪುರಕ್ಕೆ ಅಗತ್ಯವಿಲ್ಲ.

ಆಷಾಢದ ಗಾಳಿ ಜೋರಾಗಿ ಬೀಸುತ್ತಿದ್ದ ದಿನ ಮಾಲೂರಿನ ಶಿಬಿರ. ನಾನು ಕೊರಳಿಗೆ ಬ್ಯಾಡ್ಜ್ ಹಾಕಿಕೊಂಡು ಸಾಲು ನಿಲ್ಲಿಸುತ್ತಿದ್ದೆ. ಕಿವಿ ಪರೀಕ್ಷೆಯ ಸಾಲಿನಲ್ಲಿ, ಮೂರನೆಯವರಾಗಿ, ನನ್ನ ಅಮ್ಮ ನಿಂತಿದ್ದಳು.

"ಅಮ್ಮ, ನೀನ್ಯಾಕೆ ಇಲ್ಲಿ?"

ಅವಳು ತಲೆ ಓರೆ ಮಾಡಿ ಬಲಗಿವಿ ನನ್ನ ಕಡೆ ತಿರುಗಿಸಿದಳು. ಎಷ್ಟೋ ವರ್ಷದಿಂದ ಹಾಗೆ ತಿರುಗಿಸುತ್ತಿದ್ದಳು. ಅದು ಅವಳ ರೀತಿ ಎಂದುಕೊಂಡಿದ್ದೆ. "ನಿಮ್ ಸರ್ವೇ ಹುಡುಗಿ ಮಾಸ್ತಿಗೆ ಬಂದಿತ್ತು ಕಣೇ. ಎಡಗಿವಿ ಪೂರ್ತಿ ಹೋಗೈತೆ ಅಂತ ಅವಳಿಗೆ ಹೇಳ್ದೆ. ಅದಕ್ಕೆ ಚೀಟಿ ಕಳಿಸವ್ರೆ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನ್ಯಾವಾಗ ಕೇಳ್ದೆ?" ಎಂದಳು. ಕೋಪದಿಂದಲ್ಲ. ಸಾಲು ಮುಂದಕ್ಕೆ ಸರಿಯಿತು, ಅವಳೂ ಸರಿದಳು.

ನನ್ನ ತಾಯಿಯ ಬಗ್ಗೆ ಯಾರಾದರೂ ಡೈರಿ ಮುಂದೆ ಕೇಳಿದ್ದರೆ ನಾನೂ ಚೆನ್ನಾಗಿದ್ದಾರೆ ಅನ್ನುತ್ತಿದ್ದೆ. ಮರುದಿನ ರಜೆ ಹಾಕಿ ಮೊದಲ ಬಸ್ಸಿಗೆ ಶ್ರೀನಿವಾಸಪುರಕ್ಕೆ ಹೋದೆ. ಮುನಿವೆಂಕಟಮ್ಮನೊಬ್ಬಳ ಹೆಸರನ್ನಾದರೂ ಹೇಗೋ ಸೇರಿಸಿ ಮುಂದಿನ ಶಿಬಿರಕ್ಕೆ ಕರೆದುಕೊಂಡು ಹೋಗುವುದು ಎಂದುಕೊಂಡಿದ್ದೆ. ಆಗಲೂ ಸದ್ದಿಲ್ಲದೆ ಸರಿಪಡಿಸುವ ಉಪಾಯವೇ.

ಜಗುಲಿಯ ಕಂಬದಲ್ಲಿ ಹಗ್ಗ ಇರಲಿಲ್ಲ. ಸುಜಾತ ಬಾಗಿಲಿಗೆ ಬಂದಳು. "ಬಿದ್ಬಿಟ್ರು ಮೇಡಂ, ಹದಿನೈದು ದಿನ ಆಯ್ತು. ಸೊಂಟದ ಮೂಳೆ ಹೋಗೈತೆ. ಮಾವಿನ ಕ್ರೇಟು ಕಟ್ಟಕ್ಕೆ ಅಂತ ನಮ್ಮನೆಯೋರು ಹಗ್ಗ ಬಿಚ್ಕೊಂಡು ಹೋಗಿದ್ರು, ವಾಪಸ್ ಕಟ್ಟೋದು ಮರೆತ್ರು. ಅತ್ತೆ ಹಗ್ಗ ಐತೆ ಅಂತ ಕೈ ಚಾಚವ್ರೆ." ಕೋಲಾರಕ್ಕೆ ಕರೆದುಕೊಂಡು ಹೋಗಿ ತೋರಿಸಿದ್ದರಂತೆ. ಈ ವಯಸ್ಸಲ್ಲಿ ಕೊಯ್ಯುವುದು ಬೇಡ ಎಂದು ಮನೆಯವರೇ ಹೇಳಿ ವಾಪಸು ತಂದಿದ್ದರು. ಆಮೇಲೆ ಅವಳು ದನಿ ಏರಿಸಿದಳು, ಒಳಗೆ ಮಲಗಿದ್ದವಳಿಗೂ ಕೇಳುವ ಹಾಗೆ. "ಎಲ್ಲಾ ಹಠ ಮೇಡಂ. ಬೀಳೋಕೆ ಒಂದು ವಾರ ಮುಂಚೆ ಮುಳಬಾಗಿಲಲ್ಲಿ ಕಣ್ಣಿನ ಕ್ಯಾಂಪ್ ಆಯ್ತು. ಯಾರಾದ್ರೂ ಹೋಗ್ಬೋದು ಅಂದ್ರು. ಪಕ್ಕದ್ಮನೆ ಪಿಳ್ಳಪ್ಪನ ಮಗ ಆಟೋ ತರ್ತೀನಿ ಅಂದ. ಇವ್ರು ಬರಲ್ಲ ಅಂದ್ರು. ನನ್ನ ಹೆಸರು ಬರ್ಕೊಂಡು ಹೋಗವ್ಳೆ, ಹೆಸರು ಹಿಡಿದು ಕರೀತಾರೆ, ಆವಾಗ ಹೋಗ್ತೀನಿ ಅಂತ ಕೂತ್ರು."

ನಾನು ಚಪ್ಪಲಿ ಬಿಟ್ಟು ಹೊಸಿಲು ದಾಟಿದೆ.

ಒಳಗೆ, ಕತ್ತಲ ಕೋಣೆಯ ಮಂಚದ ಮೇಲೆ ಮುನಿವೆಂಕಟಮ್ಮ ಅಂಗಾತ ಮಲಗಿದ್ದಳು. ನನ್ನ ದನಿ ಕೇಳಿ ಮುಖ ಅರಳಿತು. "ಬಂದ್ಯಾ ತಲ್ಲಿ? ನಾನು ಹೇಳ್ಲಿಲ್ವೇನೇ ಸುಜಾತ, ಬರ್ತಾಳೆ ಅಂತ? ಹೆಸರು ಬಂತಾ ನನ್ನದು?"

ಅವಳು ಕೈ ಚಾಚಿದಳು. ನಾನು ಹಿಡಿದುಕೊಂಡೆ. "ಬರುತ್ತೆ ಅಜ್ಜಿ," ಎಂದು ಎದ್ದು ಬಂದೆ. ಅದೇ ಮುದುಕಿಗೆ ಎರಡನೆಯ ಸುಳ್ಳು. ಬಸ್ಸಿನಲ್ಲಿ ಇಡೀ ದಾರಿ ಸೀಟಿನ ಕಂಬಿಗೆ ಹಣೆ ಒತ್ತಿಕೊಂಡು ಕೂತಿದ್ದೆ.

ಆವತ್ತು ಮನೆಗೆ ಹೋಗದೆ ನೇರ ಆಫೀಸಿಗೆ ಹೋದೆ. ಡಾಕ್ಟರ್ ಮೇಡಂ ಕೋಲಾರದಲ್ಲೇ ಇದ್ದರು. ಡೈರಿ, ಕ್ಯೂ, ಮುಚ್ಚಳದ ಪೆನ್ನು, ಮಂಚ, ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮೇಜಿನ ಮೇಲಿನ ನಕ್ಷೆಯ ಆ ಬಿಳಿ ಭಾಗವನ್ನು ನೋಡಿದರು. "ಇದನ್ನ ನಾನು ಬೆಂಗಳೂರಿಗೆ ಕಳಿಸಿದ್ದೀನಿ ಲಲಿತಾ," ಎಂದರು. ಆಮೇಲೆ, "ನಾನು ಬಂದು ಹತ್ತು ಮನೆಯಾದ್ರೂ ನೋಡಬೇಕಿತ್ತು," ಎಂದು ತಮಗೇ ಹೇಳಿಕೊಂಡರು.

ಕೆಲಸ ಹೋಯಿತು. ಶ್ರೀನಿವಾಸಪುರವನ್ನು ಮತ್ತೆ ಮೊದಲಿನಿಂದ ಮಾಡಲು ಅನ್ವರನನ್ನು ಹಾಕಿದರು. ಮನೆ ತೋರಿಸಲು ನಾನು ಬರುತ್ತೇನೆ ಎಂದೆ. ಅವನು ಒಂದು ಕ್ಷಣ ನನ್ನನ್ನು ನೋಡಿ, "ಬನ್ನಿ ಅಕ್ಕ. ಆದ್ರೆ ಕೇಳೋದು ನಾನು," ಎಂದ. ಶ್ರಾವಣದ ಮಳೆಯಲ್ಲಿ ಕೊಡೆ ಹಿಡಿದು ಅವನ ಹಿಂದೆ ಮನೆಮನೆಗೆ ನಡೆದೆ. ಅವನು ನೆಲದ ಮೇಲೆ ಕೂತು, ಅಜ್ಜಂದಿರ ಮಳೆ ಕತೆಯನ್ನು ಪೂರ್ತಿ ಕೇಳಿ, ಆಮೇಲೆ ಪ್ರಶ್ನೆ ಕೇಳುತ್ತಿದ್ದ. ನಾನು ಏನೂ ತೊಂದರೆ ಇಲ್ಲ ಎಂದು ಒತ್ತಿದ್ದ ಮನೆಗಳಲ್ಲಿ ಮಗನ ಹೆಸರು ಮರೆತವರಿದ್ದರು. ತೆವಳಿಕೊಂಡು ಬಾಗಿಲಿಗೆ ಬರುವವರಿದ್ದರು. ಹಸಿವಾದರೂ ಕೇಳಲು ಮಾತು ಹೊರಡದೆ ತಟ್ಟೆ ಬಡಿಯುವವರೊಬ್ಬರಿದ್ದರು. ಬಿಳಿಯಾಗಿದ್ದ ತಾಲೂಕು ಮಿಕ್ಕ ಮೂರರ ಹಾಗೆಯೇ ಕೆಂಪಾಯಿತು. ಅಲ್ಲಿ ಮುಪ್ಪು ಬೇರೆಯಾಗಿರಲಿಲ್ಲ, ಬರೆದವಳು ಬೇರೆಯಾಗಿದ್ದಳು.

ಕಾರ್ತಿಕದಲ್ಲಿ ಶ್ರೀನಿವಾಸಪುರಕ್ಕೂ ಶಿಬಿರ ಬಂತು. ಮುನಿವೆಂಕಟಮ್ಮನನ್ನು ಮಂಚದ ಸಮೇತ ಟೆಂಪೋದಲ್ಲಿ ಮಲಗಿಸಿ ಕರೆತಂದರು. ಒಂದು ಕಣ್ಣಿನ ಪೊರೆ ತೆಗೆದರು. ಕಣ್ಣು ಬಂತು, ಕಾಲು ಬರಲಿಲ್ಲ. ನಡೆಯುವ ಕಾಲ ಹೋಗಿಯಾಗಿತ್ತು.

ಕಟ್ಟು ಬಿಚ್ಚಿ ಹದಿನೈದು ದಿನ ಕಳೆದ ಮೇಲೆ ನಾನು ಅವಳ ಮನೆಗೆ ಹೋದೆ. ಬಿಸಿಲು ಕಾಯಲೆಂದು ಮಂಚವನ್ನು ಜಗುಲಿಗೆ ತಂದಿದ್ದರು. ದಿಂಬಿಗೆ ಒರಗಿ ಬೀದಿ ನೋಡುತ್ತಿದ್ದಳು. ನನ್ನನ್ನು ಕಂಡು ಗುರುತು ಹತ್ತಲಿಲ್ಲ. ಕಂಡದ್ದೇ ಅದು ಮೊದಲ ಸಲ. ಮಾತಾಡಿದ ಮೇಲೆ, "ಓ, ನೀನಾ! ಇಷ್ಟು ಸಣ್ಣೋಳಾ ನೀನು?" ಎಂದು ನಕ್ಕಳು. ಆ ನಗು ಮುಗಿಯುವ ಮೊದಲೇ ಹೇಳದಿದ್ದರೆ ಮತ್ತೆ ಹೇಳಲಾರೆ ಎನಿಸಿತು.

"ಅಜ್ಜಿ, ಆವತ್ತು ನಾನು ಏನೂ ಬರೀಲಿಲ್ಲ. ಪೆನ್ನಿನ ಮುಚ್ಚಳ ಕೂಡ ತೆಗೀಲಿಲ್ಲ. ಸುಮ್ನೆ ಸದ್ದು ಮಾಡ್ದೆ. ನಿಮ್ ಹೆಸರು ಯಾವ ಪಟ್ಟೀಲೂ ಇರ್ಲಿಲ್ಲ. ನೀವು ಕಾಯ್ತಾ ಕೂತಿದ್ದು ನನ್ನ ಸುಳ್ಳಿಗೆ."

ಅವಳು ಹೊಸ ಕಣ್ಣಿನಿಂದ ನನ್ನ ಮುಖವನ್ನೇ ನೋಡಿದಳು. ನಾನು ತಲೆ ತಗ್ಗಿಸಿದೆ. ಕ್ಷಮಿಸುತ್ತಾಳೆ, ಇಲ್ಲವೇ ಶಪಿಸುತ್ತಾಳೆ, ಎರಡಕ್ಕೂ ತಯಾರಾಗಿದ್ದೆ. ಅವಳು ಎರಡನ್ನೂ ಮಾಡಲಿಲ್ಲ.

"ಸುಜಾತಾ!" ಎಂದು ಒಳಕ್ಕೆ ಕೂಗಿದಳು. "ಆಚೆ ಬಾರೇ. ಮುನಿರಾಜೂನೂ ಕರಿ. ಪಿಳ್ಳಪ್ಪಾ, ನೀನೂ ಬಾ ಇಲ್ಲಿ." ಆಮೇಲೆ ನನಗೆ, "ಈಗ ಹೇಳಿದ್ದನ್ನ ಇನ್ನೊಂದ್ಸಲ ಹೇಳು. ನನ್ನ ಹಠದಿಂದ ಕಾಲು ಮುರ್ಕೊಂಡೆ ಅಂತ ದಿನಾ ಅಂತಾರೆ ಇವ್ರು. ಉಣ್ಣಕ್ಕೆ ಇಕ್ಕುವಾಗಲೂ ಅಂತಾರೆ. ಹೇಳು ಅವ್ರಿಗೆ."

ಸುಜಾತ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಮಗ ಮುನಿರಾಜು ಕೊಟ್ಟಿಗೆಯಿಂದ ಬಂದ. ಪಕ್ಕದ ಮನೆಯ ಪಿಳ್ಳಪ್ಪ ಕೋಲೂರಿಕೊಂಡು ಬಂದು ಮೆಟ್ಟಿಲ ಮೇಲೆ ಕೂತ. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತರು. ನಾನು ಹೇಳಿದೆ. ಮೊದಲಿನಿಂದ ಕೊನೆಯ ತನಕ ಹೇಳಿದೆ. ಸುಜಾತ ಅತ್ತೆಯ ಕಡೆ ನೋಡಿ, ಸೆರಗು ಬಾಯಿಗಿಟ್ಟುಕೊಂಡಳು. ಮುನಿರಾಜು ಖಾಲಿ ಕಂಬವನ್ನು ನೋಡುತ್ತ ನಿಂತ.

ಪಿಳ್ಳಪ್ಪ ಕಿವಿಗೆ ಕೈ ಅಡ್ಡ ಇಟ್ಟು, "ಏನಂತೆ? ಏನಂತಾಳೆ ಈಯಮ್ಮ?" ಎಂದ. ಡೈರಿ ಮುಂದೆ ಅವನ ಮಗನನ್ನು ಕೇಳಿ, ಅವನ ಕಿವಿಗೂ ನಾನು ಏನೂ ತೊಂದರೆ ಇಲ್ಲ ಎಂದೇ ಒತ್ತಿದ್ದೆ. ಶಿಬಿರದಲ್ಲಿ ಬರೆದುಕೊಂಡ ಮಿಷನ್ನು ಇನ್ನೂ ಅವನ ಕೈಸೇರಿರಲಿಲ್ಲ.

"ಅವನಿಗೆ ಕೇಳಿಸ್ಲಿಲ್ಲ," ಎಂದಳು ಮುನಿವೆಂಕಟಮ್ಮ. "ಜೋರಾಗಿ ಹೇಳು."

ನಾನು ಅವನ ಕಿವಿಯ ಹತ್ತಿರ ಬಗ್ಗಿ, ಬೀದಿಗೆಲ್ಲ ಕೇಳುವ ಹಾಗೆ, ಮೂರನೆಯ ಸಲ ಹೇಳಿದೆ.